255ನೇ ಟ್ಯಾಂಕ್ ಬ್ರಿಗೇಡು ಮತ್ತು ತರಗತಿಯ ಒಂದು ಪ್ರಶ್ನೆ



ಮೂವತ್ತು ವರ್ಷಗಳಿಗೂ ಮೀರಿದ ನನ್ನ ಅಧ್ಯಾಪಕ ವೃತ್ತಿಯಲ್ಲಿ ನಾನು ಕೊಟ್ಟ ಒಂದು ಉತ್ತರ ಇಂದಿಗೂ ನನ್ನನ್ನು ಬಾಧಿಸುತ್ತದೆ. ರಾಯಚೂರು ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಹತ್ತನೆಯ ತರಗತಿಗೆ ಎರಡನೆಯ ಮಹಾಯುದ್ಧದ ಪಾಠ ನಡೆದಿತ್ತು. ಎಂಬತ್ತರ ದಶಕದ ಮಾತು. ಪಾಠಪುಸ್ತಕದಲ್ಲಿ ಭಾರತೀಯ ಸೈನಿಕರ ಬಗೆಗೆ ಇದ್ದದ್ದು ಒಂದೂವರೆ ಸಾಲು. ಮುಂದಿನ ಪುಟದಲ್ಲಿ ನೇತಾಜಿಯವರ ಆಜಾದ್ ಹಿಂದ್ ಫೌಜಿನ ವಿಷಯ. ಮೂರನೆಯ ಸಾಲಿನಲ್ಲಿ ಕುಳಿತಿದ್ದ ಹುಡುಗನೊಬ್ಬ ಎದ್ದು ನಿಂತು, "ಸರ್, ಬರ್ಮಾದಾಗ ನಮ್ಮವರು ಎರಡೂ ಕಡೆ ಇದ್ದರು. ಹಂಗಾದರ ಅವರಾಗ ನಮ್ಮವರು ಯಾರು?" ಎಂದು ಕೇಳಿದ. ಗಂಟೆ ಬಾರಿಸಲು ಐದು ನಿಮಿಷವಿತ್ತು. "ಒಂದು ಕಡೆಯವರು ಸಂಬಳಕ್ಕಾಗಿ ಹೋರಾಡಿದರು, ಇನ್ನೊಂದು ಕಡೆಯವರು ದೇಶಕ್ಕಾಗಿ ಹೋರಾಡಿದರು. ಇಷ್ಟು ತಿಳಿದರೆ ಸಾಕು, ಕುಳಿತುಕೋ" ಎಂದುಬಿಟ್ಟೆ. ಹುಡುಗ ಕುಳಿತ. ಆ ವರ್ಷವಿಡೀ ಅವನು ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಕಾರಣ ತಿಳಿದದ್ದು ಎರಡು ವಾರಗಳ ನಂತರ. ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾಗ ರುಮಾಲು ಸುತ್ತಿದ ವೃದ್ಧರೊಬ್ಬರು ನನ್ನ ಎದುರಿನ ಬೆಂಚಿನಲ್ಲಿ ಬಂದು ಕುಳಿತರು. ಆ ಹುಡುಗನ ಅಜ್ಜ. ಮಳೆ ಕೈಕೊಟ್ಟ ಒಂದು ವರ್ಷ ಬಳ್ಳಾರಿಗೆ ಹೋಗಿ ಸೈನ್ಯ ಸೇರಿ, ಬರ್ಮಾದಲ್ಲಿ ಸರಬರಾಜು ದಳದ ಲಾರಿ ಓಡಿಸಿದ್ದವರು. ಕೋಪವೇನೂ ಇರಲಿಲ್ಲ. "ಮಾಸ್ತರ್ರ, ನಾ ಹೊಟ್ಟಿಪಾಡಿಗೇ ಹೋಗಿದ್ದು ಖರೇ ಐತ್ರಿ. ಆದ್ರ ಅಲ್ಲಿ ಸತ್ತಾವ್ರು ಹೊಟ್ಟಿ ಸಲುವಾಗಿ ಸತ್ತಿಲ್ರಿ" ಎಂದರು. ನನಗೆ ಮಾತು ಹೊರಡಲಿಲ್ಲ. ಅವರು ಓಡಿಸಿದ ಲಾರಿಯಲ್ಲಿ ಪೆಟ್ರೋಲು ಡಬ್ಬಿಗಳಿರುತ್ತಿದ್ದವಂತೆ. ಅದು ಟ್ಯಾಂಕುಗಳಿಗೆ ಹೋಗುವ ಪೆಟ್ರೋಲು. "ಎರಡ್ನೂರಾ ಐವತ್ತೈದು" ಎಂಬ ಸಂಖ್ಯೆಯೂ, "ಮೇಕ್ಟಿಲಾ" ಎಂಬ ಊರ ಹೆಸರೂ ಅವರ ಬಾಯಿಂದ ಬಂದವು. ಆ ಎರಡು ಎಳೆಗಳನ್ನು ಹಿಡಿದುಕೊಂಡು ನಾನು ಬಹಳ ವರ್ಷ ಓದಿದೆ. ಓದಿ ತಿಳಿದದ್ದನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ಇದು ಒಂದು ಸೇನಾ ಘಟಕದ ಸಂಕ್ಷಿಪ್ತ ಚರಿತ್ರೆ. ಅಂದು ಕೊಡದೆ ಉಳಿಸಿಕೊಂಡ ಉತ್ತರವೂ ಹೌದು.

ಮೊದಲಿಗೆ ಟ್ಯಾಂಕ್ ಬ್ರಿಗೇಡು ಎಂದರೇನು ಎಂಬುದನ್ನು ಹೇಳಬೇಕು. ಟ್ಯಾಂಕುಗಳ ಮೂರು ರೆಜಿಮೆಂಟುಗಳು, ಅವುಗಳ ಜೊತೆ ಸಾಗುವ ಕಾಲಾಳುಗಳ ಒಂದು ಬೆಟಾಲಿಯನ್, ದುರಸ್ತಿಗಾರರು, ಇಂಧನದ ಲಾರಿಗಳು - ಇವೆಲ್ಲ ಸೇರಿದರೆ ಒಂದು ಬ್ರಿಗೇಡು. ರೆಜಿಮೆಂಟಿಗೆ 50ಕ್ಕೂ ಹೆಚ್ಚು ಟ್ಯಾಂಕುಗಳು. ಭಾರತದ ಟ್ಯಾಂಕ್ ರೆಜಿಮೆಂಟುಗಳಲ್ಲಿ ಬಹುತೇಕ ಎಲ್ಲವೂ ಹಳೆಯ ಕುದುರೆ ದಂಡುಗಳೇ. 1938ರಿಂದ ಆರಂಭವಾಗಿ ಕೆಲವೇ ವರ್ಷಗಳಲ್ಲಿ ಅವು ಲಾಯಗಳನ್ನು ಖಾಲಿ ಮಾಡಿ ಯಂತ್ರಗಳನ್ನು ಹಿಡಿದವು. ತಂದೆ, ಅಜ್ಜ ಎಲ್ಲರೂ ಕುದುರೆಯ ಮೇಲೆಯೇ ನೌಕರಿ ಮಾಡಿದ ಮನೆತನಗಳ ಸವಾರರು ಗೇರು, ಕ್ಲಚ್ಚು, ಗ್ರೀಸುಗಳನ್ನು ಕಲಿತರು.

ಇವುಗಳಲ್ಲಿ ಒಂದು ದಂಡಿಗೆ ನಮ್ಮ ಸೀಮೆಯೊಂದಿಗೆ ಹಳೆಯ ನಂಟಿದೆ. ಅದು ಡೆಕ್ಕನ್ ಹಾರ್ಸ್. ಅದರ ಮೂಲ 1790ರಲ್ಲಿ ನಿಜಾಮನ ಸೇವೆಗೆಂದು ಕಟ್ಟಿದ ಅಶ್ವದಳ. ಮುಂದೆ ಅದು ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ ಭಾಗವಾಯಿತು. ಆ ಸೈನ್ಯದ ಠಾಣ್ಯಗಳಲ್ಲಿ ನಮ್ಮ ಲಿಂಗಸುಗೂರೂ ಒಂದು. ಊರಿನ ಹಿರಿಯರು 'ಛಾವಣಿ' ಎಂದು ಕರೆಯುತ್ತಿದ್ದುದು ಇದೇ ಕಾರಣಕ್ಕೆ. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರ ಮೇಲೆ ಸೈನ್ಯ ಹೊರಟದ್ದೂ ಇಲ್ಲಿಂದಲೇ. ಆದ್ದರಿಂದ ಆ ಸೈನ್ಯದ ಹೆಸರು ಕೇಳಿದರೆ ನಮ್ಮ ಭಾಗದವರಿಗೆ ಹೆಮ್ಮೆ ಮಾತ್ರ ಹುಟ್ಟುವುದಿಲ್ಲ, ಅದನ್ನೂ ಮರೆಯಬಾರದು. ಮೊದಲನೆಯ ಮಹಾಯುದ್ಧದಲ್ಲಿ, 1916ರ ಜುಲೈ 14ರಂದು, ಫ್ರಾನ್ಸಿನ ಸೋಮ್ ರಣರಂಗದ ಹೈವುಡ್ ಎಂಬಲ್ಲಿ ಇದೇ ಡೆಕ್ಕನ್ ಹಾರ್ಸಿನ ಸವಾರರು ಭರ್ಜಿ ಹಿಡಿದು ಕುದುರೆಗಳ ಮೇಲೆ ಮೆಷಿನ್‌ಗನ್ನುಗಳ ಎದುರು ನುಗ್ಗಿದ್ದರು. ಅಲ್ಲಿಂದ ಮೂವತ್ತು ವರ್ಷ ತುಂಬುವ ಮೊದಲೇ ಅದೇ ರೆಜಿಮೆಂಟು ಬರ್ಮಾದಲ್ಲಿ ಮೂವತ್ತು ಟನ್ನಿನ ಟ್ಯಾಂಕುಗಳನ್ನು ಓಡಿಸಿತು.

ಯುದ್ಧದ ಆರಂಭದ ವರ್ಷಗಳಲ್ಲಿ ಭಾರತದಲ್ಲಿ ಪೂರ್ಣ ಕವಚಿತ ಡಿವಿಜನ್‌ಗಳನ್ನೇ ಕಟ್ಟುವ ಯೋಜನೆಯಿತ್ತು. ಮರುಭೂಮಿಯ ಯುದ್ಧವನ್ನು ಮನಸ್ಸಿನಲ್ಲಿಟ್ಟು ಮಾಡಿದ ಯೋಜನೆ ಅದು. ಜಪಾನ್ ಬರ್ಮಾವನ್ನು ಹಿಡಿದು ನಮ್ಮ ಈಶಾನ್ಯದ ಬಾಗಿಲಿಗೆ ಬಂದಾಗ ಲೆಕ್ಕ ಬದಲಾಯಿತು. ಕಾಡು, ಬೆಟ್ಟ, ಮಳೆಯ ನಾಡಿನಲ್ಲಿ ಇಡೀ ಡಿವಿಜನ್ ಓಡಾಡಲು ಜಾಗವಿರಲಿಲ್ಲ. 32 ಮತ್ತು 43ನೇ ಕವಚಿತ ಡಿವಿಜನ್‌ಗಳನ್ನು 1943ರಲ್ಲಿ ಕೂಡಿಸಿ 44ನೆಯದನ್ನು ಮಾಡಿದರು. ಮರುವರ್ಷ ಅದನ್ನೂ ವಿಸರ್ಜಿಸಿದರು. ಬರ್ಮಾದ ಯುದ್ಧಕ್ಕೆ ಉಳಿದದ್ದು 50, 254 ಮತ್ತು 255 ಎಂಬ ಮೂರು ಟ್ಯಾಂಕ್ ಬ್ರಿಗೇಡುಗಳು. ಇಂಫಾಲದ ಬೆಟ್ಟಗಳಲ್ಲಿ 1944ರಲ್ಲಿ ಹೆಸರು ಮಾಡಿದ್ದು 254. ನಮ್ಮ ಅಜ್ಜ ಹೇಳಿದ 255ರ ಸರದಿ ಬಂದದ್ದು 1945ರಲ್ಲಿ.

ಅದರಲ್ಲಿ ಯಾರಿದ್ದರು ಎಂಬುದನ್ನು ಗಮನವಿಟ್ಟು ಓದಿರಿ. ಕಥೆಯ ಕೊನೆಗೆ ಈ ಹೆಸರುಗಳು ಮತ್ತೆ ಬರುತ್ತವೆ. ಮೊದಲನೆಯದು 5ನೇ ಪ್ರೋಬಿನ್ಸ್ ಹಾರ್ಸ್. ಎರಡನೆಯದು 9ನೇ ರಾಯಲ್ ಡೆಕ್ಕನ್ ಹಾರ್ಸ್. ಮೂರನೆಯದು ಸ್ಕಾಟ್ಲೆಂಡಿನ ಗಾರ್ಡನ್ ಹೈಲ್ಯಾಂಡರ್ಸ್ ಪದಾತಿ ಬೆಟಾಲಿಯನ್ ಒಂದನ್ನು ಟ್ಯಾಂಕ್ ರೆಜಿಮೆಂಟಾಗಿ ಮಾರ್ಪಡಿಸಿದ 116ನೇ ರೆಜಿಮೆಂಟು. ಟ್ಯಾಂಕುಗಳ ಕಾವಲಿಗೆ ಬಾಂಬೆ ಗ್ರೆನೇಡಿಯರ್ಸ್ ದಂಡಿನ 4ನೇ ಬೆಟಾಲಿಯನ್. ಇವರ ಜೊತೆಗೆ ಕವಚಿತ ಕಾರುಗಳನ್ನು ಹೊಂದಿದ್ದ 16ನೇ ಲೈಟ್ ಕ್ಯಾವಲ್ರಿ. ಭಾರತೀಯ ಅಧಿಕಾರಿಗಳಿಗೆಂದು 1923ರಲ್ಲೇ ಗುರುತಿಸಿದ ಕೆಲವೇ ದಂಡುಗಳಲ್ಲಿ ಅದೂ ಒಂದು. ಬರ್ಮಾದಲ್ಲಿ ಅದರ ನಾಯಕರು ಲೆಫ್ಟಿನೆಂಟ್ ಕರ್ನಲ್ ಜೆ. ಎನ್. ಚೌಧುರಿ. ಬ್ರಿಗೇಡಿನ ಮುಖ್ಯಸ್ಥರು ಬ್ರಿಗೇಡಿಯರ್ ಕ್ಲಾಡ್ ಪರ್ಟ್, ಪೋಲೋ ಆಟದಲ್ಲಿ ಪ್ರಸಿದ್ಧರಾಗಿದ್ದವರು. ಪ್ರೋಬಿನ್ಸ್ ಹಾರ್ಸಿನ ನಾಯಕರು ಮೈಲ್ಸ್ ಸ್ಮೀಟನ್. ಯುದ್ಧ ಮುಗಿದ ಮೇಲೆ ಹೆಂಡತಿಯೊಂದಿಗೆ ಪುಟ್ಟ ಹಾಯಿದೋಣಿಯಲ್ಲಿ ಸಾಗರಗಳನ್ನು ಸುತ್ತಿ ಪುಸ್ತಕಗಳನ್ನು ಬರೆದವರು.

ಈ ಬ್ರಿಗೇಡಿನ ಆಯುಧ ಅಮೆರಿಕದ ಶರ್ಮನ್ ಟ್ಯಾಂಕು. ಐದು ಜನ ಸಿಬ್ಬಂದಿ, 75 ಮಿಲಿಮೀಟರ್ ತೋಪು. ಭಾರತೀಯ ರೆಜಿಮೆಂಟುಗಳಿಗೆ ಬಂದ ಮಾದರಿಯ ಇಂಜಿನ್ನು ವಿಚಿತ್ರವಾದದ್ದು. ಟ್ಯಾಂಕಿಗೆ ತಕ್ಕ ದೊಡ್ಡ ಇಂಜಿನ್ನು ಸಾಕಷ್ಟು ಸಿಗದೆ, ಕ್ರೈಸ್ಲರ್ ಕಂಪನಿಯವರು ಆರು ಸಿಲಿಂಡರಿನ ಐದು ಕಾರಿನ ಇಂಜಿನ್ನುಗಳನ್ನು ಒಟ್ಟಿಗೆ ಜೋಡಿಸಿ 30 ಸಿಲಿಂಡರಿನ ಒಂದು ಇಂಜಿನ್ನು ಮಾಡಿದ್ದರು. ಓಡುವುದೇನೋ ಓಡುತ್ತಿತ್ತು, ಪೆಟ್ರೋಲನ್ನು ಮಾತ್ರ ಬೇಸಿಗೆಯ ಎತ್ತು ನೀರು ಕುಡಿದಂತೆ ಕುಡಿಯುತ್ತಿತ್ತು. ನಮ್ಮ ಅಜ್ಜನ ಲಾರಿಗೆ ಬಿಡುವಿಲ್ಲದಿದ್ದುದು ಅದಕ್ಕೇ.

ಇನ್ನು ಯುದ್ಧದ ಯೋಜನೆ. 1945ರ ಆರಂಭದಲ್ಲಿ ಜನರಲ್ ಸ್ಲಿಮ್ ಅವರ 14ನೇ ಸೈನ್ಯ ಮಧ್ಯ ಬರ್ಮಾದ ಬಯಲಿಗೆ ಇಳಿಯುತ್ತಿತ್ತು. ಜಪಾನಿ ಸೇನಾಪತಿಗಳು ಇರಾವತಿ ನದಿಯ ಆಚೆ ದಡದಲ್ಲಿ, ಮಂಡಾಲೆಯ ಸುತ್ತ, ಕಾದು ಕುಳಿತಿದ್ದರು. ಸ್ಲಿಮ್ ಅವರು ಒಂದು ದಂಡನ್ನು ಮಂಡಾಲೆಯತ್ತ ಗದ್ದಲದೊಂದಿಗೆ ಕಳುಹಿಸಿ, ಇನ್ನೊಂದನ್ನು ಗುಟ್ಟಾಗಿ ಪಶ್ಚಿಮದ ಗಂಗಾವ್ ಕಣಿವೆಯಲ್ಲಿ ದಕ್ಷಿಣಕ್ಕೆ ಇಳಿಸಿದರು. ಮಂಡಾಲೆಯಿಂದ ಬಹು ಕೆಳಗೆ ನದಿ ದಾಟಿ, ಶತ್ರುವಿನ ಬೆನ್ನ ಹಿಂದಿರುವ ಮೇಕ್ಟಿಲಾ ಪಟ್ಟಣವನ್ನು ಹಿಡಿಯುವುದು ಉದ್ದೇಶ. ಮೇಕ್ಟಿಲಾ ಎಂದರೆ ಜಪಾನಿಯರ ಕಣಜ: ರಸ್ತೆ, ರೈಲು, ವಿಮಾನ ನಿಲ್ದಾಣ, ಉಗ್ರಾಣ, ಆಸ್ಪತ್ರೆ ಎಲ್ಲವೂ ಅಲ್ಲಿ. ಕಣಜ ಹೋದರೆ ಮಂಡಾಲೆಯ ದಂಡು ಹಸಿದು ಸಾಯಬೇಕು. ಗುಟ್ಟು ಒಡೆಯದಿರಲೆಂದು ದಂಡಿನ ಹಳೆಯ ಠಾಣ್ಯ ಟಾಮುವಿನಲ್ಲಿ ಒಂದು ಸುಳ್ಳು ಕೇಂದ್ರ ಕಚೇರಿಯನ್ನೇ ಇಟ್ಟು ಅಲ್ಲಿಂದ ರೇಡಿಯೋ ಸಂದೇಶಗಳನ್ನು ಕಳುಹಿಸುತ್ತಿದ್ದರು. ನಿಜವಾದ ದಂಡು ರೇಡಿಯೋ ಮುಚ್ಚಿಕೊಂಡು ಧೂಳಿನಲ್ಲಿ ಸಾಗಿತ್ತು.

ಆ ದಾರಿಯ ಬಗ್ಗೆ ಅಜ್ಜ ಹೇಳಿದ ಒಂದು ಮಾತನ್ನು ನಾನು ಮೊದಲು ನಂಬಿರಲಿಲ್ಲ. "ಗೋಣಿತಟ್ಟಿನ ರಸ್ತಿ ಮ್ಯಾಲ ಗಾಡಿ ಹೊಡದೇವ್ರಿ" ಎಂದಿದ್ದರು. ಓದಿದ ಮೇಲೆ ತಿಳಿಯಿತು, ಅದು ಅಕ್ಷರಶಃ ಸತ್ಯ. ಟಾಮುವಿನಿಂದ ಕಲೇವಾವರೆಗಿನ ಸುಮಾರು 100 ಮೈಲಿ ದಾರಿಗೆ ಜಲ್ಲಿ ಸಿಗದೆ, ಎಂಜಿನಿಯರುಗಳು ಮಣ್ಣನ್ನು ಸಮ ಮಾಡಿ, ಡಾಂಬರಿನಲ್ಲಿ ಅದ್ದಿದ ಸೆಣಬಿನ ತಟ್ಟುಗಳನ್ನು ಒಂದರ ಅಂಚಿನ ಮೇಲೊಂದು ಹಾಸಿ ರಸ್ತೆ ಮಾಡಿದ್ದರು. ನಮ್ಮ ದೇಶದ ಗೋಣಿಯ ಮೇಲೆ ಒಂದು ಸೈನ್ಯವೇ ಬರ್ಮಾಕ್ಕೆ ನಡೆಯಿತೆಂದರೆ ಅತಿಶಯೋಕ್ತಿಯಲ್ಲ.

1945ರ ಫೆಬ್ರವರಿ 14ರಂದು, ಪುರಾತನ ದೇಗುಲಗಳ ನಗರಿ ಪಗಾನಿನ ಸಮೀಪದ ನ್ಯಾಂಗು ಎಂಬಲ್ಲಿ 7ನೇ ಭಾರತೀಯ ಡಿವಿಜನ್ ಇರಾವತಿಯನ್ನು ದಾಟಿತು. ನದಿಯ ಅಗಲ ಅಲ್ಲಿ 2000 ಗಜಗಳಷ್ಟು. ಹಿಂದೆಯೇ 255ರ ಟ್ಯಾಂಕುಗಳನ್ನು ತೆಪ್ಪಗಳ ಮೇಲೆ ಸಾಗಿಸಿದರು. ಫೆಬ್ರವರಿ 21ರಂದು ಮೇಜರ್ ಜನರಲ್ ಕೋವನ್ ಅವರ 17ನೇ ಭಾರತೀಯ ಡಿವಿಜನ್ ಲಾರಿಗಳಲ್ಲೂ, 255ನೇ ಬ್ರಿಗೇಡು ಟ್ಯಾಂಕುಗಳಲ್ಲೂ ಸೇತುಮುಖದಿಂದ ಹೊರಬಿದ್ದವು. ಇಷ್ಟು ವರ್ಷ ಕಾಡಿನಲ್ಲಿ ಗಜ ಗಜ ಲೆಕ್ಕದಲ್ಲಿ ಹೋರಾಡಿದವರಿಗೆ ಬಯಲು ಸಿಕ್ಕಿತ್ತು. ತಾಳೆಮರ, ಕುರುಚಲು, ಒಣಗಿದ ಹಳ್ಳಗಳ ಆ ಬಯಲಿನ ವರ್ಣನೆ ಓದಿದಾಗ ನನಗೆ ನಮ್ಮ ಎಡೆದೊರೆ ನಾಡಿನ ಬೇಸಿಗೆಯೇ ಕಣ್ಣಿಗೆ ಕಟ್ಟಿತು. ಫೆಬ್ರವರಿ 24ಕ್ಕೆ ಟೌಂಗ್ಥಾ, 26ಕ್ಕೆ ಥಬುಟ್ಕಾನ್ ವಿಮಾನ ನಿಲ್ದಾಣ. ಮರುದಿನದಿಂದ ಅಲ್ಲಿ ವಿಮಾನಗಳು ಇನ್ನೊಂದು ಬ್ರಿಗೇಡಿನ ಸೈನಿಕರನ್ನು ತಂದಿಳಿಸತೊಡಗಿದವು. ಹಿಂದಿನ ರಸ್ತೆಯನ್ನು ಜಪಾನಿಯರು ಮತ್ತೆ ಮುಚ್ಚಿದರು. ಮುಂದೆ ಹೋದವರು ಹಿಂದಿರುಗಿ ನೋಡಲಿಲ್ಲ.

ಮೇಕ್ಟಿಲಾ ಎರಡು ಕೆರೆಗಳ ನಡುವಿನ ಊರು. ದಾರಿಗಳೆಲ್ಲ ನೀರಿನ ನಡುವಿನ ಇಕ್ಕಟ್ಟಿನಲ್ಲೇ ಹಾದುಹೋಗಬೇಕು. ಊರನ್ನು ಕಾಯಲು ಜಪಾನಿ ಮೇಜರ್ ಜನರಲ್ ಕಸುಯಾ ಅವರ ಬಳಿ ಕೆಲವು ಸಾವಿರ ಜನರಿದ್ದರು. ಅವರಲ್ಲಿ ಉಗ್ರಾಣದ ಗುಮಾಸ್ತರೂ, ಆಸ್ಪತ್ರೆಯ ಹಾಸಿಗೆಯಿಂದ ಎದ್ದು ಬಂದ ಗಾಯಾಳುಗಳೂ ಇದ್ದರು. ಪರ್ಟ್ ಅವರು ಟ್ಯಾಂಕುಗಳನ್ನು ನೇರ ರಸ್ತೆಯಲ್ಲಿ ನುಗ್ಗಿಸದೆ ಊರಿನ ಸುತ್ತ ಬಳಸಿ ಪೂರ್ವದ ಕಡೆಯಿಂದ ತಂದರು. ಮಾರ್ಚ್ 1ರಿಂದ ಮನೆಮನೆಯ ಕಾಳಗ. ಮಾರ್ಚ್ 3ರ ಹೊತ್ತಿಗೆ ಊರು ಕೈವಶವಾಯಿತು.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ನಿಂತು ಹೇಳಬೇಕು. ಟ್ಯಾಂಕು ಎಂದರೆ ಅಭೇದ್ಯ ಎಂದು ನಾವು ತಿಳಿಯುತ್ತೇವೆ. ವಾಸ್ತವದಲ್ಲಿ ಅದು ಅರೆಕುರುಡು ಪ್ರಾಣಿ. ಒಳಗಿರುವವರಿಗೆ ಕಾಣುವುದು ಕಿಂಡಿಯಷ್ಟು ಲೋಕ. ಹತ್ತಿರ ಬಂದವನು ಅವರಿಗೆ ಕಾಣುವುದೇ ಇಲ್ಲ. ಮೇಕ್ಟಿಲಾದಲ್ಲಿ ಟ್ಯಾಂಕು ಒಡೆಯುವ ತೋಪುಗಳು ಸಾಲದೆ, ಜಪಾನಿ ಸೈನಿಕರು ರಸ್ತೆಯಲ್ಲಿ ತೋಡಿದ ಗುಂಡಿಗಳಲ್ಲಿ ಕುಳಿತರು. ಒಬ್ಬೊಬ್ಬನ ಮೊಣಕಾಲುಗಳ ನಡುವೆ ಒಂದು ವಿಮಾನದ ಬಾಂಬು. ಕೈಯಲ್ಲಿ ಒಂದು ಕಲ್ಲು. ಟ್ಯಾಂಕು ನೆತ್ತಿಯ ಮೇಲೆ ಬಂದಾಗ ಕಲ್ಲಿನಿಂದ ಬಾಂಬಿನ ಮೊನೆಯನ್ನು ಕುಟ್ಟಬೇಕು. ಅವನೂ ಹೋಗುತ್ತಾನೆ, ಟ್ಯಾಂಕೂ ಹೋಗುತ್ತದೆ. ಈ ಗುಂಡಿಗಳನ್ನು ಹುಡುಕಿ ತೆಗೆಯುವ ಕೆಲಸ ಗ್ರೆನೇಡಿಯರ್ಸ್ ದಂಡಿನ ಕಾಲಾಳುಗಳದು. ಮೈಮೇಲೆ ಅಂಗಿಯೊಂದೇ ಕವಚವಾಗಿದ್ದ ಅವರು ಉಕ್ಕಿನ ಕವಚವಿದ್ದ ಟ್ಯಾಂಕಿನ ಮುಂದೆ ನಡೆದರು. ಟ್ಯಾಂಕು ಅವರಿಗೆ ಮೆಷಿನ್‌ಗನ್ನಿನಿಂದ ಆಸರೆ. ಅವರು ಟ್ಯಾಂಕಿಗೆ ಕಣ್ಣು. ಒಬ್ಬರ ಜೀವ ಇನ್ನೊಬ್ಬರ ಕೈಯಲ್ಲಿ. ಟ್ಯಾಂಕಿನೊಳಗೆ ಒಂದು ಊರಿನವನು, ಹೊರಗೆ ನಡೆಯುವವನು ಇನ್ನೊಂದು ಊರಿನವನು. ಒಬ್ಬ ಮುಸಲ್ಮಾನ, ಒಬ್ಬ ಸಿಖ್ಖ, ಒಬ್ಬ ಜಾಟ. ಈ ಕೆಲಸದಲ್ಲಿ ಆ ಲೆಕ್ಕವನ್ನು ಎಣಿಸಲು ಸಮಯವಿರಲಿಲ್ಲ.

ಮಾರ್ಚ್ 2ರಂದು ಊರಿನ ಬಳಿ 17ನೇ ಡಿವಿಜನ್ನಿನ ಬಲೂಚ್ ರೆಜಿಮೆಂಟಿನ ನಾಯಕ್ ಫಜಲ್ ದೀನ್ ಅವರ ಎದೆಯನ್ನು ಜಪಾನಿ ಅಧಿಕಾರಿಯ ಕತ್ತಿ ಸೀಳಿತು. ಅವರು ಆ ಕತ್ತಿಯನ್ನೇ ಕಸಿದುಕೊಂಡು ಆ ಅಧಿಕಾರಿಯನ್ನು ಕೊಂದು, ತಮ್ಮವರನ್ನು ಮುನ್ನಡೆಸಿ, ವರದಿ ಒಪ್ಪಿಸಿ ಪ್ರಾಣ ಬಿಟ್ಟರು. ಮಾರ್ಚ್ 18ರಂದು ಮಿಂಗ್ಯಾನಿನ ಹತ್ತಿಗಿರಣಿಯ ಬಳಿ ಪಂಜಾಬ್ ರೆಜಿಮೆಂಟಿನ ಲೆಫ್ಟಿನೆಂಟ್ ಕರಮ್‌ಜೀತ್ ಸಿಂಗ್ ಜಡ್ಜ್ ಗುಂಡಿನ ಮಳೆಯಲ್ಲಿ ಮತ್ತೆ ಮತ್ತೆ ಟ್ಯಾಂಕುಗಳ ಹತ್ತಿರ ಹೋಗಿ, ಶತ್ರುವಿನ ಗೂಡುಗಳನ್ನು ತೋರಿಸುತ್ತ, ಕೊನೆಗೆ ಅಲ್ಲಿಯೇ ಬಿದ್ದರು. ಇಬ್ಬರಿಗೂ ಮರಣೋತ್ತರ ವಿಕ್ಟೋರಿಯಾ ಕ್ರಾಸ್ ಪದಕ ಬಂತು.

ಊರು ಹಿಡಿದದ್ದು ಅರ್ಧ ಕೆಲಸ. ಕಣಜ ಕಳೆದುಕೊಂಡ ಜಪಾನಿಯರು ಜನರಲ್ ಹೋಂಡಾ ಅವರ ನೇತೃತ್ವದಲ್ಲಿ ಸುತ್ತುವರಿದರು. ಹಿಡಿದವರೇ ಈಗ ಮುತ್ತಿಗೆಯೊಳಗಿದ್ದರು. ರಾತ್ರಿ ವಿಮಾನ ನಿಲ್ದಾಣದ ಅಂಚು ಜಪಾನಿಯರದು, ಬೆಳಗ್ಗೆ ಅದನ್ನು ಸ್ವಚ್ಛಗೊಳಿಸುವವರೆಗೆ ವಿಮಾನ ಇಳಿಯುವಂತಿಲ್ಲ. ಮಾರ್ಚ್ ಮಧ್ಯದಲ್ಲಿ 5ನೇ ಡಿವಿಜನ್ನಿನ ಬ್ರಿಗೇಡೊಂದು ಗುಂಡುಗಳ ನಡುವೆಯೇ ವಿಮಾನದಿಂದ ಇಳಿಯಿತು. ನಂತರ ನಿಲ್ದಾಣವೇ ಮುಚ್ಚಿಹೋಗಿ ಅನ್ನ, ಗುಂಡು, ಪೆಟ್ರೋಲು ಎಲ್ಲವೂ ಪ್ಯಾರಾಚೂಟುಗಳಲ್ಲಿ ಬಿದ್ದವು. ಪ್ರತಿದಿನ ಟ್ಯಾಂಕುಗಳ ತುಕಡಿಗಳು ಊರಿನಿಂದ ಹೊರಟು ಸುತ್ತಲಿನ ಹಳ್ಳಿಗಳಲ್ಲಿ ಕೂಡಿದ್ದ ಶತ್ರುವನ್ನು ಚದುರಿಸಿ ಸಂಜೆಗೆ ಮರಳುತ್ತಿದ್ದವು. ಈ ದಿನಗಳಲ್ಲೇ ಜನರಲ್ ಕೋವನ್ ಅವರಿಗೆ, ಮಂಡಾಲೆಯಲ್ಲಿ ಹೋರಾಡುತ್ತಿದ್ದ ತಮ್ಮ ಮಗ ತೀರಿಕೊಂಡ ಸುದ್ದಿ ಮುಟ್ಟಿತು. ಅವರು ಯುದ್ಧ ನಡೆಸುತ್ತಲೇ ಇದ್ದರು. ಮಂಡಾಲೆ ಮಾರ್ಚ್ 20ರಂದು ಬಿತ್ತು. ತಿಂಗಳ ಕೊನೆಗೆ ಹೋಂಡಾ ಅವರ ದಂಡು ಹಿಂದೆಗೆಯಿತು.

ಈಗ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಇರಾವತಿಯ ಆಚೆ ದಡದಲ್ಲಿ, ಇದೇ ನ್ಯಾಂಗು ಮತ್ತು ಪಗಾನಿನಲ್ಲಿ, ಎದುರಿಗಿದ್ದ ದಂಡುಗಳಲ್ಲಿ ಒಂದು ಗುರುಬಕ್ಷ್ ಸಿಂಗ್ ಧಿಲ್ಲೋನ್ ಅವರ ಆಜಾದ್ ಹಿಂದ್ ಫೌಜಿನದು. ಸ್ವಲ್ಪ ದೂರದ ಪೋಪಾ ಬೆಟ್ಟದಲ್ಲಿ ಪ್ರೇಮ್ ಕುಮಾರ್ ಸಹಗಲ್ ಅವರ ದಂಡು. ಅವರ ಬಳಿ ಟ್ಯಾಂಕುಗಳಿರಲಿಲ್ಲ, ತೋಪುಗಳಿರಲಿಲ್ಲ, ಅನ್ನವೂ ಸಾಕಷ್ಟಿರಲಿಲ್ಲ. ಹಲವರು ಸಿಂಗಪುರದಲ್ಲಿ ಸೆರೆಯಾಗಿದ್ದ, ಇದೇ ಭಾರತೀಯ ಸೇನೆಯ ಹಳೆಯ ಸೈನಿಕರು. ಹೀಗೆ ಒಂದೇ ಜಿಲ್ಲೆಯ, ಕೆಲವೊಮ್ಮೆ ಒಂದೇ ಹಳೆಯ ರೆಜಿಮೆಂಟಿನ ಜನ ಎರಡು ದಡಗಳಲ್ಲಿದ್ದರು. 1945ರ ನವೆಂಬರಿನಲ್ಲಿ ಕೆಂಪುಕೋಟೆಯಲ್ಲಿ ಸಹಗಲ್, ಧಿಲ್ಲೋನ್, ಷಾ ನವಾಜ್ ಖಾನ್ ಅವರ ವಿಚಾರಣೆ ನಡೆದಾಗ ದೇಶವೇ ಅವರ ಬೆನ್ನಿಗೆ ನಿಂತಿತು. ನಿಲ್ಲಲೇಬೇಕಿತ್ತು. ಆದರೆ ಅದೇ ವರ್ಷ ಮೇಕ್ಟಿಲಾದಿಂದ ಮರಳಿದವರಿಗೆ ಹಾರ ಹಾಕಲು ಯಾರೂ ಬರಲಿಲ್ಲ. ಅಜ್ಜ ಊರಿಗೆ ಬಂದಾಗ ಮನೆಯವರು ಕೇಳಿದ್ದು, ಎಷ್ಟು ಹಣ ತಂದೆ ಎಂದು ಮಾತ್ರವಂತೆ.

ಕಥೆಯನ್ನು ಮುಗಿಸಬೇಕು. ಏಪ್ರಿಲ್ 10ರಂದು ಪ್ಯಾಬ್ವೆ ಎಂಬಲ್ಲಿ ಹೋಂಡಾ ಅವರ ಸೈನ್ಯದ ಬೆನ್ನೆಲುಬು ಮುರಿಯಿತು. ಅಲ್ಲಿ ಪರ್ಟ್ ಅವರು ಟ್ಯಾಂಕು ಮತ್ತು ಲಾರಿಗಳ ಒಂದು ತುಕಡಿಯನ್ನು ಬಹುದೂರ ಬಳಸಿ ಊರಿನ ಹಿಂಭಾಗಕ್ಕೆ ಕೊಂಡೊಯ್ದರು. ಅವರ ಹೆಸರಿನ ಮೇಲೆ ಅದನ್ನು ಕ್ಲಾಡ್‌ಕಾಲ್ ಎಂದು ಕರೆದರು. ಅಲ್ಲಿಂದ ರಂಗೂನಿನತ್ತ ಓಟ. ಮುಂದೆ ಮುಂಗಾರು, ಹಿಂದೆ ಖಾಲಿಯಾಗುತ್ತಿರುವ ಪೆಟ್ರೋಲು. ಏಪ್ರಿಲ್ 22ಕ್ಕೆ ಟೌಂಗೂ, ತಿಂಗಳ ಕೊನೆಗೆ ಪೆಗು. ಅಲ್ಲಿ ಮಳೆ ಸಮಯಕ್ಕೆ ಮೊದಲೇ ಸುರಿದು ಟ್ಯಾಂಕುಗಳು ಕೆಸರಿನಲ್ಲಿ ಹೂತವು. ಜಪಾನಿಯರು ಆಗಲೇ ಖಾಲಿ ಮಾಡಿದ್ದ ರಂಗೂನನ್ನು ಮೇ 3ರಂದು ಸಮುದ್ರದ ಕಡೆಯಿಂದ ಬಂದ 26ನೇ ಭಾರತೀಯ ಡಿವಿಜನ್ ಪ್ರವೇಶಿಸಿತು. ಅಷ್ಟು ದೂರ ಓಡಿ ಬಂದವರು ಬಾಗಿಲಲ್ಲೇ ನಿಂತರು. ಯುದ್ಧಗಳು ಹೀಗೆಯೂ ಮುಗಿಯುತ್ತವೆ.

ಎರಡು ವರ್ಷ ಕಳೆಯಿತು. 1947ರಲ್ಲಿ ದೇಶದೊಂದಿಗೆ ಸೈನ್ಯವೂ ಹಂಚಿಹೋಯಿತು. ಹಳೆಯ ಅಶ್ವದಳಗಳಿಂದ ಬಂದ 18 ಕವಚಿತ ರೆಜಿಮೆಂಟುಗಳಲ್ಲಿ 12 ಭಾರತಕ್ಕೆ, 6 ಪಾಕಿಸ್ತಾನಕ್ಕೆ. ಡೆಕ್ಕನ್ ಹಾರ್ಸ್ ನಮಗೆ ಬಂತು. ಪ್ರೋಬಿನ್ಸ್ ಹಾರ್ಸ್ ಅತ್ತ ಹೋಯಿತು. ರೆಜಿಮೆಂಟುಗಳೊಳಗಿನ ಹಿಂದೂ, ಸಿಖ್, ಮುಸಲ್ಮಾನ ತುಕಡಿಗಳನ್ನೂ ಬಿಡಿಸಿ ಅದಲುಬದಲು ಮಾಡಿದರು. ಬಾಂಬೆ ಗ್ರೆನೇಡಿಯರ್ಸ್ ಭಾರತದ ಗ್ರೆನೇಡಿಯರ್ಸ್ ಆಯಿತು. 16ನೇ ಲೈಟ್ ಕ್ಯಾವಲ್ರಿಯ ನಾಯಕರಾಗಿದ್ದ ಚೌಧುರಿಯವರು ಮೇಜರ್ ಜನರಲ್ ಆಗಿ, 1948ರ ಸೆಪ್ಟೆಂಬರ್ 13ರಂದು ಸೊಲ್ಲಾಪುರದ ಕಡೆಯಿಂದ 1ನೇ ಕವಚಿತ ಡಿವಿಜನ್ನನ್ನು ನಡೆಸಿಕೊಂಡು ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿದರು. ನಮ್ಮ ಭಾಗದವರು ಪ್ರತಿವರ್ಷ ಸೆಪ್ಟೆಂಬರ್ 17ರಂದು ಧ್ವಜ ಹಾರಿಸುವಾಗ ನೆನೆಯುವ ವಿಮೋಚನೆಯನ್ನು ತಂದ ದಂಡು ಅದೇ. ರಜಾಕಾರರ ಭಯಕ್ಕೆ ಹಗೇವಿನಲ್ಲಿ ಜೋಳದೊಂದಿಗೆ ಹೆಣ್ಣುಮಕ್ಕಳನ್ನೂ ಬಚ್ಚಿಟ್ಟಿದ್ದ ದಿನಗಳನ್ನು ನಮ್ಮ ತಾಯಿ ಹೇಳುತ್ತಿದ್ದರು. ಆಗ ನಾನು ಎರಡು ವರ್ಷದ ಕೂಸು.

1965ರಲ್ಲಿ ನಾನು ರಾಯಚೂರಿನಲ್ಲಿ ಕಾಲೇಜು ವಿದ್ಯಾರ್ಥಿ. ಸೆಪ್ಟೆಂಬರ್ ತಿಂಗಳಿನಲ್ಲಿ ರೇಡಿಯೋ ಇದ್ದ ಅಂಗಡಿಗಳ ಮುಂದೆ ಜನ ನೆರೆಯುತ್ತಿದ್ದರು. ಪಂಜಾಬಿನ ಖೇಮ್‌ಕರಣ್ ಬಳಿಯ ಅಸಲ್ ಉತ್ತರ್ ಎಂಬ ಹಳ್ಳಿಯ ಹೆಸರನ್ನು ಆಗ ಮೊದಲು ಕೇಳಿದ್ದು. ಸೆಪ್ಟೆಂಬರ್ 8ರಿಂದ 10ರವರೆಗೆ ಅಲ್ಲಿ ನಡೆದ ಟ್ಯಾಂಕು ಯುದ್ಧದಲ್ಲಿ ಪಾಕಿಸ್ತಾನ 97 ಟ್ಯಾಂಕುಗಳನ್ನು ಕಳೆದುಕೊಂಡಿತೆಂದು ನಮ್ಮ ದಾಖಲೆಗಳು ಹೇಳುತ್ತವೆ. ನಮ್ಮವರು ಕಾಲುವೆ ಒಡೆದು ನೆಲವನ್ನು ಕೆಸರು ಮಾಡಿ, ಕಬ್ಬಿನ ಗದ್ದೆಗಳಲ್ಲಿ ಲಾಳಾಕಾರವಾಗಿ ಹೊಂಚು ಹಾಕಿ ಕುಳಿತಿದ್ದರು. ಆ ಲಾಳದಲ್ಲಿ ಒಂದು ರೆಜಿಮೆಂಟು ಲೆಫ್ಟಿನೆಂಟ್ ಕರ್ನಲ್ ಅರುಣ್ ವೈದ್ಯ ಅವರ ಡೆಕ್ಕನ್ ಹಾರ್ಸ್. ಆಗಲೂ ಅವರ ಬಳಿ ಇದ್ದದ್ದು ದೊಡ್ಡ ತೋಪು ಕೂರಿಸಿದ ಹಳೆಯ ಶರ್ಮನ್‌ಗಳೇ. ಜೀಪಿನ ಮೇಲಿನ ತೋಪಿನಿಂದ ಪ್ಯಾಟನ್ ಟ್ಯಾಂಕುಗಳನ್ನು ಒಡೆದು ಮರಣೋತ್ತರ ಪರಮವೀರ ಚಕ್ರ ಪಡೆದ ಅಬ್ದುಲ್ ಹಮೀದ್ ಗ್ರೆನೇಡಿಯರ್ಸ್ ದಂಡಿನ 4ನೇ ಬೆಟಾಲಿಯನ್ನಿನವರು. ಆ ವರ್ಷ ಇಡೀ ಸೇನೆಯ ಮುಖ್ಯಸ್ಥರು ಜನರಲ್ ಚೌಧುರಿ. ಮತ್ತು ಅದೇ ಖೇಮ್‌ಕರಣ್ ರಂಗದಲ್ಲಿ, ಎದುರು ಬದಿಯಲ್ಲಿ, ಪ್ಯಾಟನ್ ಟ್ಯಾಂಕುಗಳೊಂದಿಗೆ ಇದ್ದ ಪಾಕಿಸ್ತಾನಿ ರೆಜಿಮೆಂಟುಗಳಲ್ಲಿ ಒಂದು - ಪ್ರೋಬಿನ್ಸ್ ಹಾರ್ಸ್.

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಇಪ್ಪತ್ತು ವರ್ಷಗಳ ಹಿಂದೆ ಮೇಕ್ಟಿಲಾದ ಕೆರೆಯ ದಡದಲ್ಲಿ ಒಂದೇ ಬ್ರಿಗೇಡಿನಲ್ಲಿ ಅಕ್ಕಪಕ್ಕ ಉರುಳಿದ ಎರಡು ರೆಜಿಮೆಂಟುಗಳು ಎದುರುಬದುರು ನಿಂತಿದ್ದವು. ಬರ್ಮಾದಲ್ಲಿ ಅಣ್ಣತಮ್ಮಂದಿರು ನದಿಯ ಎರಡು ದಡದಲ್ಲಿದ್ದುದನ್ನು ಆ ಹುಡುಗ ಕೇಳಿದ್ದ. ಅದು ಅಲ್ಲಿಗೆ ಮುಗಿದಿರಲಿಲ್ಲ.

ನಾನು ಕೊಟ್ಟ ಉತ್ತರದಲ್ಲಿ ತಪ್ಪೆಲ್ಲಿತ್ತು? ಸಂಬಳ, ದೇಶ ಎಂಬ ಎರಡು ಚೀಲಗಳನ್ನು ಇಟ್ಟು ಮನುಷ್ಯರನ್ನು ಅವುಗಳಲ್ಲಿ ತುಂಬಿಬಿಟ್ಟೆ. ಆಗಿನ ಭಾರತೀಯ ಸೇನೆಯಲ್ಲಿ ಸುಮಾರು 25 ಲಕ್ಷ ಜನರಿದ್ದರು. ಕಡ್ಡಾಯ ಸೇನಾಭರ್ತಿ ಇರಲಿಲ್ಲ. ಬಹುಪಾಲು ಜನ ಬಡತನಕ್ಕೇ ಸೇರಿದರು, ಅದು ನಿಜ. ಅವರನ್ನು ಕಳುಹಿಸಿದ ಸರ್ಕಾರ ನಮ್ಮದಲ್ಲ, ಅದೂ ನಿಜ. ಆಜಾದ್ ಹಿಂದ್ ಫೌಜಿನವರ ತ್ಯಾಗಕ್ಕೆ ಇದರಿಂದ ಒಂದು ಗುಲಗಂಜಿಯಷ್ಟೂ ಕುಂದಿಲ್ಲ. ಆದರೆ ಗುಂಡಿಯಲ್ಲಿ ಬಾಂಬು ಹಿಡಿದು ಕುಳಿತವನ ಎದುರಿಗೆ, ಟ್ಯಾಂಕಿನ ಮುಂದೆ ಕಾಲ್ನಡಿಗೆಯಲ್ಲಿ ಹೋದ ಸಿಪಾಯಿ ತಿಂಗಳ ಪಗಾರಕ್ಕಾಗಿ ಹೆಜ್ಜೆ ಇಟ್ಟಿರಲಾರ. ಹಿಂದೆ ಬರುವ ಟ್ಯಾಂಕಿನಲ್ಲಿ ಐದು ಜನರಿದ್ದಾರೆ ಎಂಬುದಷ್ಟೇ ಅವನ ಮನಸ್ಸಿನಲ್ಲಿದ್ದಿರಬೇಕು. ಅಜ್ಜ ಹೇಳಿದ್ದು ಅದನ್ನೇ.

ರಂಗೂನಿನ ಉತ್ತರಕ್ಕೆ ಟೌಕ್ಕ್ಯಾನ್ ಎಂಬಲ್ಲಿ ಯುದ್ಧ ಸ್ಮಾರಕವಿದೆ. ಸಮಾಧಿಯೂ ಸಿಗದ ಸುಮಾರು 27,000 ಸೈನಿಕರ ಹೆಸರುಗಳನ್ನು ಅದರ ಕಂಬಗಳ ಮೇಲೆ ಕೆತ್ತಿದ್ದಾರೆ. ಅವುಗಳಲ್ಲಿ ಬಹುಪಾಲು ನಮ್ಮ ಉಪಖಂಡದ ಹೆಸರುಗಳು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಎಂಬ ಗೆರೆಗಳು ಆ ಕಲ್ಲಿನ ಮೇಲಿಲ್ಲ. ನಾನು ಅಲ್ಲಿಗೆ ಹೋಗಿಲ್ಲ. ಈ ವಯಸ್ಸಿನಲ್ಲಿ ಹೋಗುವುದೂ ಇಲ್ಲ. ನಿಮ್ಮಲ್ಲಿ ಯಾರಾದರೂ ಆ ಕಡೆ ಹೋದರೆ ಒಂದು ಕ್ಷಣ ನಿಂತು ಬನ್ನಿ.

ಅಜ್ಜ ತೀರಿಕೊಂಡು ಬಹಳ ವರ್ಷಗಳಾದವು. ಹುಡುಗ ಈಗ ಎಲ್ಲಿದ್ದಾನೋ ನನಗೆ ತಿಳಿಯದು. ಅವನಿಗೂ ಐವತ್ತು ದಾಟಿರಬೇಕು. ಹಳೆಯ ಸಹಪಾಠಿಗಳಲ್ಲಿ ಯಾರಿಗಾದರೂ ಅವನ ಸಂಪರ್ಕವಿದ್ದರೆ ಈ ಬರಹವನ್ನು ಅವನಿಗೆ ಮುಟ್ಟಿಸಿರಿ. ಯಾರೆಂದು ನಿಮಗೆ ಗೊತ್ತು. ಮೂರನೆಯ ಸಾಲು, ಕಿಟಕಿಯ ಪಕ್ಕ. ಅವನಿಗೆ ಹೇಳಿರಿ: ನಿನ್ನ ಪ್ರಶ್ನೆ ಸರಿಯಾಗಿತ್ತು, ಮಾಸ್ತರ ಉತ್ತರವೇ ತಪ್ಪಾಗಿತ್ತು. ಎರಡೂ ದಡದಲ್ಲಿ ಇದ್ದವರು ನಮ್ಮವರೇ ಆಗಿದ್ದರಪ್ಪ. ಕುಳಿತುಕೋ ಎಂದು ಹೇಳಬಾರದಿತ್ತು.